ಬ್ರೇಯರ್ ಕ್ಲೈಡ್ಸ್‌ಡೇಲ್: ದುಡಿಯುವ ಕುದುರೆಯ ಮಾದರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಕಪಾಟಿನಲ್ಲಿ ಹನ್ನೊಂದು ಕುದುರೆಗಳಿವೆ. ಬಂದವರೆಲ್ಲ ನಿಲ್ಲುವುದು ಒಂದರ ಮುಂದೆಯೇ. ಕಂದು ಮೈ, ಬಿಳಿ ಮುಖ, ಗೊರಸಿನ ಮೇಲೆ ಬಿಳಿ ಕೂದಲಿನ ರಾಶಿ. ಅಮೆರಿಕದ ಬ್ರೇಯರ್ ಕಂಪನಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ, ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ತಳಿಯ ಮಾದರಿ ಅದು. ನ್ಯೂಜೆರ್ಸಿಯಲ್ಲಿದ್ದಾಗ ನಮ್ಮ ಬೀದಿಯ ಅಜ್ಜಿಯೊಬ್ಬರು ಅಂಗಳದಲ್ಲಿ ಹಳೆ ಸಾಮಾನು ಮಾರಲು ಇಟ್ಟಿದ್ದರು. ಅಲ್ಲಿ ಸಿಕ್ಕಿತು. ಈಗ ಬೆಂಗಳೂರಿಗೆ ಬಂದ ಮೇಲೂ ನೆಂಟರು, ಗೆಳೆಯರು, ಅವರ ಮಕ್ಕಳು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅಮೆರಿಕದಲ್ಲಿರುವ ಕನ್ನಡದವರು ಪತ್ರ ಬರೆದೂ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ.

## ಮೊದಲು ಕುದುರೆಯ ಬಗ್ಗೆ

ಕ್ಲೈಡ್ಸ್‌ಡೇಲ್ ಅಂದ್ರೆ ರೇಸ್ ಕುದುರೇನಾ?

ಅಲ್ಲ. ಇದು ಭಾರ ಎಳೆಯುವ ಕುದುರೆ. ಕುದುರೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ರೇಸ್ ಕೋರ್ಸು, ಇಲ್ಲವೇ ದಸರೆಯ ಅಶ್ವದಳ. ಕುಣಿಗಲ್ಲಿನ ಫಾರಂನಲ್ಲಿ ಬೆಳೆಸುವುದೂ ರೇಸಿನ ಥರೋಬ್ರೆಡ್ ತಳಿಯನ್ನೇ. ಕ್ಲೈಡ್ಸ್‌ಡೇಲ್ ಹುಟ್ಟಿದ್ದು ಓಡುವುದಕ್ಕಲ್ಲ, ದುಡಿಯುವುದಕ್ಕೆ.

ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ ಕ್ಲೈಡ್ ನದಿ ಹರಿಯುತ್ತದೆ. ಆ ಕಣಿವೆಯ ಹೆಸರೇ ಕ್ಲೈಡ್ಸ್‌ಡೇಲ್. 18ನೇ ಶತಮಾನದಲ್ಲಿ ಅಲ್ಲಿನ ಊರ ಕುದುರೆಗಳ ಜೊತೆ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಿಂದ ತಂದ ದೊಡ್ಡ ಗಂಡು ಕುದುರೆಗಳನ್ನು ಕೂಡಿಸಿ ಈ ತಳಿ ಬೆಳೆಸಿದರು. ಹೊಲ ಉಳುವುದು, ಗಣಿಯ ಕಲ್ಲಿದ್ದಲು ಹೊರುವುದು, ಗ್ಲಾಸ್ಗೋದ ಬೀದಿಗಳಲ್ಲಿ ಸರಕಿನ ಗಾಡಿ ಎಳೆಯುವುದು ಇದರ ಕೆಲಸ. 1877ರಲ್ಲಿ ತಳಿಗಾಗಿಯೇ ಒಂದು ಸಂಘ ಶುರುವಾಯಿತು. ಭುಜದ ಹತ್ತಿರ ಅಳೆದರೆ ಸುಮಾರು 163ರಿಂದ 183 ಸೆಂಟಿಮೀಟರ್ ಎತ್ತರ. ಅಂದರೆ ಸಾಧಾರಣ ಎತ್ತರದ ಮನುಷ್ಯ ಪಕ್ಕದಲ್ಲಿ ನಿಂತರೆ ಅದರ ಬೆನ್ನಿನಾಚೆ ಏನೂ ಕಾಣುವುದಿಲ್ಲ.

ಅಲ್ಲಿ ಎತ್ತು ಇರಲಿಲ್ವಾ? ಕುದುರೆ ಕಟ್ಟಿ ಉಳೋದು ಹೇಗೆ?

ಇದನ್ನು ಮೊದಲು ಕೇಳಿದ್ದು ನಮ್ಮಪ್ಪ. ಮಾಗಡಿ ಕಡೆಯ ರೈತ, ಜೀವನವೆಲ್ಲ ಹಳ್ಳಿಕಾರ್ ಜೋಡಿ ಕಟ್ಟಿ ಉತ್ತವರು. ಮಾದರಿಯನ್ನು ಕೈಗೆ ಕೊಟ್ಟಾಗ ಅವರು ನೋಡಿದ್ದು ಮುಖವನ್ನಲ್ಲ, ಹೆಗಲನ್ನು. "ಹಿಣಿಲೇ ಇಲ್ಲ, ನೊಗ ಎಲ್ಲಿ ಕೂರುತ್ತೆ?" ಅಂದರು.

ಸರಿಯಾದ ಪ್ರಶ್ನೆ. ಬ್ರಿಟನ್ನಿನಲ್ಲೂ ಹಿಂದೆ ಎತ್ತುಗಳಿಂದ ಉಳುತ್ತಿದ್ದರು, ನಿಧಾನವಾಗಿ ಕುದುರೆ ಆ ಜಾಗಕ್ಕೆ ಬಂತು. ನಮ್ಮ ಎತ್ತಿನ ಹಿಣಿಲಿನ ಮುಂದೆ ನೊಗ ಕೂರುತ್ತದೆ. ಕುದುರೆಗೆ ಹಿಣಿಲಿಲ್ಲ. ಕುತ್ತಿಗೆಗೆ ಹಗ್ಗ ಹಾಕಿ ಎಳೆಸಿದರೆ ಉಸಿರು ಕಟ್ಟುತ್ತದೆ. ಅದಕ್ಕೆ ಹುಲ್ಲು ತುಂಬಿ ಹೊಲಿದ ದಪ್ಪ ಚರ್ಮದ ಕೊರಳಪಟ್ಟಿ ಮಾಡಿದರು. ಅದು ಎರಡೂ ಭುಜಗಳ ಮೇಲೆ ಒರಗಿ ಕೂರುತ್ತದೆ. ಕುದುರೆ ಮೈಭಾರ ಹಾಕಿ ಅದನ್ನು ಮುಂದಕ್ಕೆ ತಳ್ಳುತ್ತದೆ, ಹಿಂದಿನ ಗಾಡಿ ಚಲಿಸುತ್ತದೆ. ಒಳ್ಳೆಯ ಮಾದರಿಯಲ್ಲಿ ಎದೆ, ಭುಜ ಅಷ್ಟು ಅಗಲವಾಗಿ ಇರುವುದು ಇದಕ್ಕೇ. ನನ್ನ ಕುದುರೆಯನ್ನು ಯಾರಾದರೂ ಕೈಗೆತ್ತಿಕೊಂಡರೆ ಮೊದಲು ಭುಜ ನೋಡಿ ಅನ್ನುತ್ತೇನೆ. ಅಪ್ಪನಿಂದ ಕಲಿತದ್ದು ಅದು.

ಜೂಲಿಗೆ ಗೊಂಡೆ, ಬಾಲಕ್ಕೆ ಗಂಟು... ಹಬ್ಬದ ಅಲಂಕಾರಾನಾ?

ಅಲಂಕಾರವೂ ಹೌದು, ಕೆಲಸದ ಉಪಾಯವೂ ಹೌದು. ಬಾಲ ಜೋತಾಡುತ್ತಿದ್ದರೆ ಹಿಂದಿನ ಲಗಾಮಿನ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಎತ್ತಿ ಕಟ್ಟುತ್ತಾರೆ. ಜೂಲನ್ನು ಹೆಣೆದರೆ ಕೂದಲು ಕೊರಳಪಟ್ಟಿಗೆ ಸಿಕ್ಕುವುದಿಲ್ಲ. ಜಾತ್ರೆ, ಪ್ರದರ್ಶನದ ದಿನ ಆ ಹೆಣಿಗೆಯ ಮೇಲೆ ಬಣ್ಣದ ಗೊಂಡೆ ನಿಲ್ಲಿಸುತ್ತಾರೆ. ಸಂಕ್ರಾಂತಿಗೆ ನಾವು ಎತ್ತಿನ ಕೊಂಬಿಗೆ ಕಳಸ, ಕೊರಳಿಗೆ ಗಂಟೆ ಕಟ್ಟುವುದಿಲ್ವಾ? ಅದೇ ಪ್ರೀತಿ. ಬ್ರೇಯರ್‌ನ ಗಂಡು ಕ್ಲೈಡ್ಸ್‌ಡೇಲ್ ಮಾದರಿಯ ಕುತ್ತಿಗೆಯ ಮೇಲೆ ಸಾಲಾಗಿ ಕಾಣುವ ಪುಟ್ಟ ಗುಬಟುಗಳು ಈ ಗೊಂಡೆಗಳೇ.

ಕಾಲಲ್ಲಿ ಅಷ್ಟೊಂದು ಕೂದಲು ಯಾಕೆ?

ತಳಿಯ ಗುರುತು. ಮೊಣಕಾಲಿನ ಕೆಳಗಿನಿಂದ ಗೊರಸನ್ನು ಮುಚ್ಚುವಷ್ಟು ರೇಷ್ಮೆಯಂತಹ ಕೂದಲು ಇಳಿದಿರಬೇಕು. ನೋಡಲು ಚೆಂದ, ಸಾಕುವವರಿಗೆ ಮಾತ್ರ ಕೆಲಸ ಜಾಸ್ತಿ. ಕೆಸರು ಅಂಟಿಕೊಂಡು ಒದ್ದೆಯಾಗಿ ಉಳಿದರೆ ಚರ್ಮದ ರೋಗ ಬರುತ್ತದೆ. ದಿನಾ ತೊಳೆದು ಒಣಗಿಸಬೇಕು.

ಈ ತಳಿ ಈಗಲೂ ಇದೆಯಾ, ಟ್ರ್ಯಾಕ್ಟರ್ ಬಂದ ಮೇಲೆ ಹೋಯ್ತಾ?

ಇದೆ, ಆದರೆ ಕಡಿಮೆ. 20ನೇ ಶತಮಾನದ ಆರಂಭ ಇದರ ಒಳ್ಳೆಯ ಕಾಲ. 1911ರ ಒಂದೇ ವರ್ಷ 1,617 ಗಂಡು ಕುದುರೆಗಳು ಬ್ರಿಟನ್ನಿನಿಂದ ಬೇರೆ ದೇಶಗಳಿಗೆ ಹೋದವು. ಅದೇ ವರ್ಷ ಬ್ಯಾರನ್ ಆಫ್ ಬುಕ್ಲೈವಿ ಎಂಬ ಕುದುರೆ ಏರ್ ಪಟ್ಟಣದ ಹರಾಜಿನಲ್ಲಿ 9,500 ಪೌಂಡಿಗೆ ಮಾರಾಟವಾಯಿತು. ಆಗಿನ ಕಾಲಕ್ಕೆ ಅದು ನಂಬಲಾಗದ ಮೊತ್ತ. ಇಬ್ಬರು ಪಾಲುದಾರರು ಅದು ಯಾರದು ಎಂದು ಕೋರ್ಟಿಗೆ ಹೋಗಿ, ಜಗಳ ಬ್ರಿಟನ್ನಿನ ಅತಿ ಮೇಲಿನ ನ್ಯಾಯಸ್ಥಾನದವರೆಗೂ ಮುಟ್ಟಿತ್ತು. ಆ ಕುದುರೆಯ ಅಸ್ಥಿಪಂಜರ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿತು. ಆ ಕಡೆ ಹೋಗುವವರಿದ್ದರೆ ವಿಚಾರಿಸಿ, ಮೂಳೆಯ ಗಾತ್ರ ನೋಡಿದರೆ ಎಲ್ಲ ಅರ್ಥವಾಗುತ್ತದೆ.

ಮೊದಲ ಮಹಾಯುದ್ಧ ಸಾವಿರಾರು ಕುದುರೆಗಳನ್ನು ಎಳೆದುಕೊಂಡು ಹೋಯಿತು. ಆಮೇಲೆ ಲಾರಿ, ಟ್ರ್ಯಾಕ್ಟರ್ ಬಂದವು. 1975ರಲ್ಲಿ ಬ್ರಿಟನ್ನಿನ ಅಪರೂಪದ ತಳಿಗಳ ಸಂಸ್ಥೆ ಇದನ್ನು ಅಪಾಯದಲ್ಲಿರುವ ತಳಿಗಳ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ಜನರಿಗೆ ಇದರ ಪರಿಚಯ ಉಳಿದದ್ದು ಬಡ್‌ವೈಸರ್ ಬಿಯರ್ ಗಾಡಿಯಿಂದ. 1933ರಲ್ಲಿ ಬಿಯರ್ ಮೇಲಿನ ನಿಷೇಧ ತೆಗೆದಾಗ ಆ ಕಂಪನಿ ಕ್ಲೈಡ್ಸ್‌ಡೇಲ್ ತಂಡವನ್ನು ಬೀದಿಗೆ ತಂದಿತು. ಇವತ್ತಿಗೂ ಅಲ್ಲಿ ದುಡಿಯುವ ಕುದುರೆ ಅಂದರೆ ಜನರಿಗೆ ನೆನಪಾಗುವುದು ಅದೇ.

## ಮಾದರಿಯ ಬಗ್ಗೆ

ಬ್ರೇಯರ್ ಅಂದ್ರೆ ಯಾರು?

ಷಿಕಾಗೋದಲ್ಲಿ ಶುರುವಾದ ಪ್ಲಾಸ್ಟಿಕ್ ಅಚ್ಚಿನ ಕಂಪನಿ. 1950ರಲ್ಲಿ ಒಂದು ಗಡಿಯಾರದ ಕಂಪನಿ ತನ್ನ ಮೇಜಿನ ಗಡಿಯಾರಕ್ಕೆ ಅಲಂಕಾರವಾಗಿ ಕುದುರೆಯೊಂದನ್ನು ಮಾಡಿಕೊಡಿ ಎಂದು ಕೇಳಿತು. ಜನರಿಗೆ ಗಡಿಯಾರಕ್ಕಿಂತ ಕುದುರೆಯೇ ಹಿಡಿಸಿತು. ಕುದುರೆ ಮಾತ್ರ ಸಿಗುತ್ತಾ ಎಂದು ಕೇಳತೊಡಗಿದರು. ಬ್ರೇಯರ್‌ನವರು ಕುದುರೆಗಳನ್ನೇ ಮಾಡಲು ಹೊರಟರು. 1984ರಲ್ಲಿ ರೀವ್ಸ್ ಇಂಟರ್‌ನ್ಯಾಷನಲ್ ಇದನ್ನು ಕೊಂಡು ನ್ಯೂಜೆರ್ಸಿಗೆ ತಂದಿತು. ತಯಾರಿಕೆ ಈಗ ಚೀನಾದಲ್ಲಿ.

ಕ್ಲೈಡ್ಸ್‌ಡೇಲ್ ಮಾದರಿ ಯಾವಾಗ ಬಂತು? ಒಂದೇ ಥರದ್ದಾ?

ಗಂಡು ಕುದುರೆ 1958ರಲ್ಲಿ ಬಂತು, ಕಂಪನಿಯ ಪಟ್ಟಿಯಲ್ಲಿ ಅದರ ಸಂಖ್ಯೆ 80. ಹೆಣ್ಣು ಮತ್ತು ಮರಿ 1969ರಲ್ಲಿ ಬಂದವು. ಅಚ್ಚಿನ ಮೂಲ ಶಿಲ್ಪ ಮಾಡಿದವರು ಕ್ರಿಸ್ ಹೆಸ್. ಕಂಪನಿಯ ಮೊದಲ ದಶಕಗಳ ಬಹುಪಾಲು ಕುದುರೆಗಳು ಅವರ ಕೈಯಿಂದಲೇ ಬಂದವು.

ಒಂದೇ ಅಚ್ಚಿನಿಂದ ಹಲವು ಬಣ್ಣದವು ಬಂದಿವೆ. ಹಳೆಯವು ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ, ಆಮೇಲಿನವು ಹೊಳಪಿಲ್ಲದ ಮ್ಯಾಟ್. 1960ರ ದಶಕದಲ್ಲಿ ಬೂದು ಚುಕ್ಕೆಯದು ಬಂತು, ಗೊಂಡೆಗಳಿಗೆ ಹೊನ್ನಿನ ಬಣ್ಣ. ಮರದ ಎಳೆಯಂತೆ ಗೆರೆ ಬಳಿದದ್ದೂ ಬಂತು, ದೂರದಿಂದ ನೋಡಿದರೆ ಕೆತ್ತಿದ ಮರವೇ ಅನಿಸುತ್ತದೆ. ನನಗೆ ಮಾತ್ರ ಸಾದಾ ಕಂದು ಬಣ್ಣದ್ದೇ ಇಷ್ಟ. ದುಡಿಯುವ ಕುದುರೆಗೆ ದುಡಿಯುವ ಬಣ್ಣವೇ ಇರಲಿ.

1:9 ಅಂತ ಬರೆದಿರ್ತಾರಲ್ಲ, ಏನದು?

ನಿಜವಾದ ಕುದುರೆಯ ಒಂಬತ್ತನೇ ಒಂದು ಭಾಗ. 171 ಸೆಂಟಿಮೀಟರಿನ ಕುದುರೆ ಇಲ್ಲಿ 19 ಸೆಂಟಿಮೀಟರ್. ಬ್ರೇಯರ್‌ನವರು ಈ ಅಳತೆಯನ್ನು ಟ್ರೆಡಿಷನಲ್ ಎನ್ನುತ್ತಾರೆ. ಕ್ಲಾಸಿಕ್ ಅಂದರೆ 1:12. 1975ರಲ್ಲಿ ಬಂದ ಸ್ಟೇಬಲ್‌ಮೇಟ್ 1:32, ಅಂಗೈಯಲ್ಲಿ ಕೂರುತ್ತದೆ. ಗಾಡಿ, ಗೊಂಬೆ, ಜೀನು ಕೊಳ್ಳುವಾಗ ಈ ಅಳತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಂದಕ್ಕೊಂದು ಹೊಂದುವುದಿಲ್ಲ.

ಪ್ಲಾಸ್ಟಿಕ್ ತಾನೇ, ಅಷ್ಟು ಬೆಲೆ ಯಾಕೆ?

ಮಾಮೂಲಿ ಪ್ಲಾಸ್ಟಿಕ್ ಅಲ್ಲ. ಸೆಲ್ಯುಲೋಸ್ ಅಸಿಟೇಟ್. ಹತ್ತಿ, ಮರದ ನಾರಿನಿಂದ ಮಾಡುವ ವಸ್ತು. ಹಳೆಯ ಸಿನಿಮಾ ರೀಲು, ಕನ್ನಡಕದ ಚೌಕಟ್ಟು ಇದರದ್ದೇ. ಕೈಗೆ ತಣ್ಣಗೆ ತಗಲುವುದಿಲ್ಲ, ಸಣ್ಣ ನರದ ಗೆರೆಯನ್ನೂ ಹಿಡಿಯುತ್ತದೆ.

ಕುದುರೆ ಎರಡು ಹೋಳಾಗಿ ಅಚ್ಚಿನಿಂದ ಬರುತ್ತದೆ. ಒಳಗೆ ಟೊಳ್ಳು. ಎರಡನ್ನೂ ಅಂಟಿಸುತ್ತಾರೆ. ಕೂಡಿದ ಕಡೆಯ ಗೆರೆಯನ್ನು ಕೈಯಲ್ಲೇ ಉಜ್ಜಿ ತೆಗೆಯುತ್ತಾರೆ. ಬಿಳಿ ಉಳಿಯಬೇಕಾದ ಕಾಲು, ಮುಖವನ್ನು ಮರೆಮಾಡಿ ಮಿಕ್ಕ ಮೈಗೆ ಬಣ್ಣ ಸಿಂಪಡಿಸುತ್ತಾರೆ. ಕಣ್ಣು, ಗೊರಸಿಗೆ ಮತ್ತೆ ಕೈಕೆಲಸ. ಅದಕ್ಕೇ ಒಂದೇ ಪೆಟ್ಟಿಗೆಯ ಎರಡು ಕುದುರೆಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಒಂದರ ಕಣ್ಣಲ್ಲಿ ಜೀವ ಜಾಸ್ತಿ ಇರುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ನಾಲ್ಕಾರು ಇಳಿಸಿ ನೋಡಲು ಸಂಕೋಚ ಬೇಡ.

ಶೈರ್, ಪರ್ಶರಾನ್, ಬೆಲ್ಜಿಯನ್ ಎಲ್ಲಾ ಒಂದೇ ಥರ ಕಾಣ್ತವೆ. ಗುರುತಿಸೋದು ಹೇಗೆ?

ಕಾಲು ನೋಡಿ. ಕಾಲಿನ ಕೂದಲು ದಟ್ಟವಾಗಿದ್ದರೆ ಕ್ಲೈಡ್ಸ್‌ಡೇಲ್ ಅಥವಾ ಇಂಗ್ಲೆಂಡಿನ ಶೈರ್. ಶೈರ್ ಇನ್ನೂ ಭಾರಿ ಮೈಯದು. ಕ್ಲೈಡ್ಸ್‌ಡೇಲ್‌ನಲ್ಲಿ ಬಿಳಿ ಜಾಸ್ತಿ, ಕೆಲವೊಮ್ಮೆ ಹೊಟ್ಟೆಯ ಕೆಳಗೂ ಚದುರಿರುತ್ತದೆ. ನಡೆಯುವಾಗ ಕಾಲನ್ನು ಎತ್ತಿ ಎತ್ತಿ ಇಡುತ್ತದೆ. ಫ್ರಾನ್ಸಿನ ಪರ್ಶರಾನ್ ಬಹುಮಟ್ಟಿಗೆ ಬೂದು ಇಲ್ಲವೇ ಕಪ್ಪು, ಕಾಲು ನುಣುಪು. ಅಮೆರಿಕದಲ್ಲಿ ಕಾಣುವ ಬೆಲ್ಜಿಯನ್‌ಗೆ ಹೊಂಬಣ್ಣದ ಮೈ, ಬಿಳಿ ಜೂಲು.

## ಕೊಳ್ಳುವವರಿಗೆ

ನನ್ನ ಹತ್ತಿರ ಒಂದಿದೆ. ಹಳೇದೋ ಹೊಸದೋ ಹೇಗೆ ಗೊತ್ತಾಗತ್ತೆ?

ಹಿಂಗಾಲಿನ ಒಳಬದಿ ನೋಡಿ. ಸಣ್ಣ ವೃತ್ತದಲ್ಲಿ ಕಂಪನಿಯ ಹೆಸರು ಇರುತ್ತದೆ. ತೀರಾ ಮೊದಲಿನವಕ್ಕೆ ಈ ಮುದ್ರೆ ಇರಲಿಲ್ಲ, ಸುಮಾರು 1960ರಿಂದ ಶುರುವಾಯಿತು. ಯು.ಎಸ್.ಎ. ಎಂಬ ಅಕ್ಷರಗಳು ಸುಮಾರು 1970ರಿಂದ. ರೀವ್ಸ್ ಹೆಸರಿದ್ದರೆ 1984ರ ನಂತರದ್ದು. ಹೊಳಪು ಇದೆಯೋ ಮ್ಯಾಟ್ ಇದೆಯೋ ಎಂಬುದನ್ನೂ ಜೊತೆಗೆ ನೋಡಿದರೆ ಹತ್ತಿರದ ಅಂದಾಜು ಸಿಗುತ್ತದೆ.

ಒಂದು ಎಚ್ಚರಿಕೆ. ಹೊಸ ಅಚ್ಚುಗಳ ಮೇಲೆ ಒಂದು ಇಸವಿ ಇರುತ್ತದೆ. ಅದು ಅಚ್ಚು ಮಾಡಿದ ವರ್ಷ, ನಿಮ್ಮ ಕುದುರೆ ತಯಾರಾದ ವರ್ಷ ಅಲ್ಲ. ಇದನ್ನು ತಪ್ಪು ತಿಳಿದು ಜಾಸ್ತಿ ದುಡ್ಡು ಕೊಟ್ಟವರನ್ನು ಕಂಡಿದ್ದೇನೆ.

ಎಷ್ಟು ಬಾಳತ್ತೆ? ಇಟ್ಟರೆ ಲಾಭ ಇದೆಯಾ?

ಲಾಭಕ್ಕೆಂದು ಕೊಳ್ಳಬೇಡಿ. ಸಾದಾ ಕಂದು ಕ್ಲೈಡ್ಸ್‌ಡೇಲ್ ದಶಕಗಳ ಕಾಲ ತಯಾರಾಗಿದೆ, ಧಾರಾಳವಾಗಿ ಸಿಗುತ್ತದೆ. ಬೂದು ಚುಕ್ಕೆಯ ಹೊಳಪಿನದು, ಮರದ ಎಳೆಯದು ಅಪರೂಪ, ಅವುಗಳ ಬೆಲೆ ಬೇರೆ. ಉಜ್ಜಿದ ಗುರುತು, ಮುರಿದ ಕಿವಿ, ಹಳದಿಗಟ್ಟಿದ ಬಿಳಿ ಬೆಲೆ ಇಳಿಸುತ್ತವೆ. ನನ್ನ ಮೊದಲ ಕುದುರೆಯ ಬೆನ್ನ ಮೇಲೆ ಬಣ್ಣ ಸವೆದಿದೆ. ಯಾವುದೋ ಮಗು ಅಲ್ಲಿ ಕೈಯಿಟ್ಟು ವರ್ಷಗಟ್ಟಲೆ ಆಡಿದೆ. ಮಾರುಕಟ್ಟೆಯಲ್ಲಿ ಅದು ಕುಂದು. ನನಗೆ ಅದನ್ನು ಅಳಿಸಲು ಮನಸ್ಸಿಲ್ಲ.

ಇಲ್ಲಿಗೆ ತರಿಸ್ಕೊಳ್ಳೋದು ಹೇಗೆ?

ಸುಲಭದ ದಾರಿ ಎಂದರೆ ಅಮೆರಿಕದಿಂದ ಬರುವ ನೆಂಟರು. ಕೈಚೀಲದಲ್ಲಿ ತರಲು ಹೇಳಿ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಕಾಲು, ಕಿವಿ ಮುರಿಯುವ ಸಂಭವ. ಸುತ್ತಲೂ ಬಟ್ಟೆ ಇರಲಿ, ನಾಲ್ಕು ಕಾಲುಗಳ ನಡುವೆ ಕೂಡ ಮೆತ್ತಗೆ ಏನಾದರೂ ತುಂಬಬೇಕು. ಈ ನಡುವಿನ ಜಾಗವನ್ನು ಮರೆಯುವುದರಿಂದಲೇ ಕಾಲು ಹೋಗುವುದು.

ಪಾರ್ಸೆಲ್ ತರಿಸಿದರೆ ಸುಂಕ ಬೀಳುತ್ತದೆ. ಭಾರತದಲ್ಲಿ ಆಟಿಕೆಗಳ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದರು. 2021ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತೂ ಕಡ್ಡಾಯ. ತರಿಸುವ ಮೊದಲೇ ಕೊರಿಯರ್‌ನವರ ಹತ್ತಿರ ಲೆಕ್ಕ ಕೇಳಿಬಿಡಿ.

ಮಕ್ಕಳ ಕೈಗೆ ಕೊಡಬಹುದಾ?

ಸ್ವಲ್ಪ ದೊಡ್ಡ ಮಕ್ಕಳಿಗೆ ಖಂಡಿತ ಕೊಡಿ. ಬಿದ್ದರೆ ಕಿವಿ ಹೋಗಬಹುದು, ಹೋಗಲಿ. ಪುಟ್ಟ ಮಕ್ಕಳಿಗೆ ಚನ್ನಪಟ್ಟಣದ ಮರದ ಕುದುರೆಯೇ ಸರಿ. ನುಣುಪಾಗಿದೆ, ಬಿದ್ದರೂ ಬೇಗ ಮುರಿಯುವುದಿಲ್ಲ.

## ನೋಡಿಕೊಳ್ಳುವುದು

ಧೂಳು ಕೂತಿದೆ. ಹೇಗೆ ಒರೆಸೋದು?

ಮೆತ್ತನೆಯ ಹಲ್ಲುಜ್ಜುವ ಬ್ರಷ್, ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಮೆಲ್ಲಗೆ ಉಜ್ಜಿ, ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಹೊಟ್ಟೆಯ ಹತ್ತಿರ ಅಥವಾ ಮೂಗಿನಲ್ಲಿ ಸಣ್ಣ ತೂತು ಇದ್ದರೆ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ.

ಉಗುರು ಬಣ್ಣ ತೆಗೆಯುವ ದ್ರವ ಮಾತ್ರ ಬೇಡವೇ ಬೇಡ. ಅದರಲ್ಲಿ ಅಸಿಟೋನ್ ಇರುತ್ತದೆ, ಈ ಪ್ಲಾಸ್ಟಿಕ್ಕನ್ನು ಅದು ಕರಗಿಸಿಬಿಡುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಮರಿ ಕುದುರೆಯ ತೊಡೆಯ ಮೇಲಿದ್ದ ಪೆನ್ನಿನ ಗೆರೆ ತೆಗೆಯಲು ಹತ್ತಿಯಲ್ಲಿ ಅದ್ದಿ ಒರೆಸಿದೆ. ಬಣ್ಣದ ಜೊತೆ ಚರ್ಮದ ಗೆರೆಗಳೂ ಅಳಿಸಿ ಅಂಟು ಅಂಟಾಯಿತು. ಆ ಮರಿ ಈಗಲೂ ತಾಯಿಯ ಪಕ್ಕದಲ್ಲೇ ನಿಂತಿದೆ, ಆ ಬದಿಯನ್ನು ಗೋಡೆಯ ಕಡೆ ತಿರುಗಿಸಿದ್ದೇನೆ.

ಬಿಳಿ ಕಾಲು ಹಳದಿ ಆಗಿದೆ, ವಾಪಸ್ ಬರತ್ತಾ?

ಸ್ವಲ್ಪ ಬರಬಹುದು. ಬಿಸಿಲು, ಹೊಗೆ, ವಯಸ್ಸು ಮೂರೂ ಕಾರಣ. ಕೆಲವರು ಬಿಳಿ ಭಾಗಕ್ಕೆ ಮಾತ್ರ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳಕಿನಲ್ಲಿಡುತ್ತಾರೆ. ಬೇರೆ ಬಣ್ಣಕ್ಕೆ ತಾಗಿದರೆ ಅದೂ ಮಾಸುತ್ತದೆ. ಅಪರೂಪದ ಕುದುರೆಯ ಮೇಲೆ ಈ ಪ್ರಯೋಗ ಬೇಡ. ಕಿಟಕಿಯಿಂದ ದೂರ ಇಡುವುದೇ ಉಪಾಯ.

ಕುದುರೆಯಿಂದ ವಿನೆಗರ್ ವಾಸನೆ ಬರ್ತಿದೆ! ಏನಿದು?

ತಕ್ಷಣ ಅದನ್ನು ಬೇರೆ ಕುದುರೆಗಳಿಂದ ದೂರ ಇಡಿ. ಸೆಲ್ಯುಲೋಸ್ ಅಸಿಟೇಟ್ ಒಡೆಯತೊಡಗಿದಾಗ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರ್‌ನಲ್ಲಿರುವುದೂ ಅದೇ. ಹಳೆ ಸಿನಿಮಾ ರೀಲುಗಳು ಹಾಳಾಗುವುದೂ ಹೀಗೇ. ಕುದುರೆ ಸೊರಗುತ್ತದೆ, ಸೊಟ್ಟಗಾಗುತ್ತದೆ, ಮೈ ಮೇಲೆ ಜಿಡ್ಡು ಒಸರುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಆ ಆಮ್ಲದ ಆವಿ ಪಕ್ಕದ ಕುದುರೆಗಳನ್ನೂ ಕೆಡಿಸಬಹುದು. 1980ರ ದಶಕದ ಕೊನೆ, 90ರ ಆರಂಭದ ಕೆಲವು ಮಾದರಿಗಳಲ್ಲಿ ಇದು ಜಾಸ್ತಿ ಕಂಡಿದೆ.

ಶೆಕೆ ಮತ್ತು ತೇವ ಇದನ್ನು ಬೇಗ ಮಾಡಿಸುತ್ತವೆ. ಮಂಗಳೂರು, ಕಾರವಾರದ ಕಡೆಯವರು ಇನ್ನೂ ಹೆಚ್ಚು ಗಮನ ಕೊಡಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುವುದು ಕ್ಷೇಮ ಅನಿಸುತ್ತದೆ, ಆದರೆ ಆವಿ ಒಳಗೇ ಉಳಿದು ಕೆಡುಕು ಬೇಗ ಹಬ್ಬುತ್ತದೆ. ತೆರೆದ ಕಪಾಟೇ ಒಳ್ಳೆಯದು. ಅಟ್ಟದ ಮೇಲೆ, ಹೆಂಚಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ.

ಕಾಲು ಸೊಟ್ಟಗಾಗಿ ಕುದುರೆ ವಾಲುತ್ತಿದೆ.

ಬಿಸಿ ತಗಲಿ ಬಾಗಿದೆ. ಆ ಕಾಲನ್ನು ಮಾತ್ರ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ, ಕುದಿಯುವ ನೀರು ಬೇಡ. ಮೆತ್ತಗಾದಾಗ ನಿಧಾನವಾಗಿ ನೇರ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಅದ್ದಿ. ಒಂದೇ ಸಲಕ್ಕೆ ಆಗದಿದ್ದರೆ ಮತ್ತೊಮ್ಮೆ ಮಾಡಿ. ಬಲ ಹಾಕಿದರೆ ಮುರಿಯುತ್ತದೆ.

## ಇನ್ನೂ ಮುಂದೆ ಹೋಗುವವರಿಗೆ

ಮಾದರಿ ಕುದುರೆಗಳಿಗೂ ಪ್ರದರ್ಶನ ಇರತ್ತಂತೆ, ನಿಜಾನಾ?

ನಿಜ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ, ಕೆಂಟಕಿ ಹಾರ್ಸ್ ಪಾರ್ಕಿನಲ್ಲಿ 1990ರಿಂದ ಬ್ರೇಯರ್‌ಫೆಸ್ಟ್ ಎಂಬ ಜಾತ್ರೆ ನಡೆಯುತ್ತಿದೆ. ಜುಲೈ ತಿಂಗಳಲ್ಲಿ. ಮಾದರಿಗಳ ಜೊತೆ ನಿಜವಾದ ಕುದುರೆಗಳೂ ಬರುತ್ತವೆ. ಇದಲ್ಲದೆ ಊರೂರುಗಳಲ್ಲಿ ಸಣ್ಣ ಸ್ಪರ್ಧೆಗಳಿವೆ. ಮೇಜಿನ ಮೇಲೆ ತಳಿವಾರು ಸಾಲು ನಿಲ್ಲಿಸುತ್ತಾರೆ. ಮೈಕಟ್ಟು ತಳಿಗೆ ಹೊಂದುತ್ತದಾ, ಬಣ್ಣ ಸಹಜವಾಗಿದೆಯಾ ಎಂದು ತೀರ್ಪುಗಾರರು ನೋಡುತ್ತಾರೆ. ಎಷ್ಟು ಅಪರೂಪ ಎಂಬುದಕ್ಕೆ ಬೇರೆ ವಿಭಾಗ. ಗಾಡಿ ಎಳೆಯುವ, ಉಳುವ ದೃಶ್ಯ ಕಟ್ಟುವವರಿಗೆ ಇನ್ನೊಂದು. ದೂರದವರು ಫೋಟೋ ಕಳಿಸಿ ಭಾಗವಹಿಸುವ ಸ್ಪರ್ಧೆಗಳೂ ಇವೆ, ಭಾರತದಲ್ಲಿರುವ ನಮ್ಮಂಥವರಿಗೆ ಅದೇ ಅನುಕೂಲ.

ಬೇರೆ ಬಣ್ಣ ಹಚ್ಚಬಹುದಾ?

ಹಚ್ಚಬಹುದು. ಆದರೆ ಹಾಗೆ ಮಾಡಿದರೆ ಅದು ಕಾರ್ಖಾನೆಯ ಮೂಲ ಬಣ್ಣದ ಕುದುರೆಗಳ ವಿಭಾಗಕ್ಕೆ ಸೇರುವುದಿಲ್ಲ. ಹಳೆಯ, ಅಪರೂಪದ ಕುದುರೆಯನ್ನು ಮುಟ್ಟಬೇಡಿ. ಗೀರು ಬಿದ್ದ, ಕಿವಿ ಹೋದ, ಎಲ್ಲ ಕಡೆ ಸಿಗುವ ಕುದುರೆಯನ್ನು ತೆಗೆದುಕೊಳ್ಳಿ. ಮುರಿದದ್ದನ್ನು ಎಪಾಕ್ಸಿಯಲ್ಲಿ ತಿದ್ದಿ, ಪ್ರೈಮರ್ ಹೊಡೆದು, ತೆಳ್ಳಗೆ ಪದರ ಪದರವಾಗಿ ಅಕ್ರಿಲಿಕ್ ಹಚ್ಚಿ. ನಿಜವಾದ ಕ್ಲೈಡ್ಸ್‌ಡೇಲ್‌ನ ಫೋಟೋ ಪಕ್ಕದಲ್ಲಿರಲಿ. ಬಿಳಿ ಮತ್ತು ಕಂದು ಸೇರುವ ಅಂಚಿನಲ್ಲಿ ಕೂದಲು ಹೇಗೆ ಬೆರೆಯುತ್ತದೆ ಎಂಬುದನ್ನು ಗಮನಿಸಿ. ಅಲ್ಲಿ ನೇರ ಗೆರೆ ಎಳೆದರೆ ಇಡೀ ಕುದುರೆ ಸುಳ್ಳಾಗಿ ಕಾಣುತ್ತದೆ.

ಗಾಡಿಗೆ ಕಟ್ಟೋ ಸರಂಜಾಮು ನಾವೇ ಮಾಡಬಹುದಾ?

ಮಾಡಬಹುದು, ಮಾಡಲೇಬೇಕು ಅಂತ ನನ್ನ ಆಸೆ. ಕೊರಳಪಟ್ಟಿಯಿಂದ ಶುರು ಮಾಡಿ. ತೆಳುವಾದ ಚರ್ಮವನ್ನು ಕೊಳವೆಯಂತೆ ಹೊಲಿದು, ಹತ್ತಿ ತುಂಬಿ, ಭುಜಕ್ಕೆ ಒರಗುವಂತೆ ಬಾಗಿಸಿ. ಅದರ ಹೊರ ಅಂಚಿಗೆ ಎರಡು ಬಾಗಿದ ತಂತಿ. ಎಳೆಯುವ ಪಟ್ಟಿ ಈ ತಂತಿಗೆ ಸೇರುತ್ತದೆ, ಚರ್ಮಕ್ಕಲ್ಲ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಆಮೇಲೆ ಕಣ್ಣಿನ ಪಕ್ಕದ ಮರೆ ಇರುವ ಮುಖಪಟ್ಟಿ, ಲಗಾಮು. ಕೊನೆಗೆ ತೊಡೆಯ ಹಿಂದೆ ಬಳಸಿ ಬರುವ ಪಟ್ಟಿ. ಇಳಿಜಾರಿನಲ್ಲಿ ಗಾಡಿ ಮೈ ಮೇಲೆ ನುಗ್ಗದಂತೆ ಕುದುರೆ ಅದಕ್ಕೆ ಒರಗಿ ತಡೆಯುತ್ತದೆ.

ಅಳತೆ ಎಲ್ಲ 1:9 ಆಗಿರಲಿ. ನಿಜದಲ್ಲಿ 4.5 ಸೆಂಟಿಮೀಟರ್ ಅಗಲದ ಪಟ್ಟಿ ಇಲ್ಲಿ 5 ಮಿಲಿಮೀಟರ್. ಬಕಲ್ ಸಿಗದಿದ್ದರೆ ಹಳೆಯ ಗಡಿಯಾರದ ಪಟ್ಟಿ, ಒಡವೆಯ ತಂತಿಯಿಂದ ಮಾಡಿಕೊಳ್ಳಬಹುದು. ನಾನು ಮೊದಲ ಸರಂಜಾಮು ಹೊಲಿದಾಗ ಎಳೆಯುವ ಪಟ್ಟಿ ಸಡಿಲವಾಗಿ ನೇತಾಡುತ್ತಿತ್ತು. ಅಪ್ಪ ನೋಡಿ, "ಇದು ಎಳೀತಾ ಇಲ್ಲ, ಸುಮ್ನೆ ನಿಂತಿದೆ" ಅಂದರು. ಪಕ್ಕದಲ್ಲಿ ಕೂತು ತಾವೇ ಪಟ್ಟಿ ಬಿಗಿದು, ಗಾಡಿಯನ್ನು ಒಂದು ಬೆರಳಷ್ಟು ಹಿಂದಕ್ಕೆ ಸರಿಸಿದರು.